ಎಡ ಕಿಡ್ನಿಯ ಸಾಲು

ಫೆಬ್ರವರಿ 10, ಸೋಮವಾರ

ಔಷಧಿ ಕಂಪನಿಯವರು ಕೊಟ್ಟ ಡೈರಿ ಇದು. ಜನವರಿಯಲ್ಲಿ ನಾಲ್ಕು ದಿನ ಬರೆದು ಬಿಟ್ಟಿದ್ದೆ. ಬರೆಯಲು ಏನಿರುತ್ತದೆ? ಕೊಳ್ಳೇಗಾಲದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹದಿನೇಳು ವರ್ಷದಿಂದ ರಿಪೋರ್ಟ್ ಟೈಪ್ ಮಾಡುತ್ತಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಪರದೆಯ ಈಚೆ ನಾನು, ಆಚೆ ಡಾಕ್ಟರ್ ದೀಪಶ್ರೀ ಮೇಡಂ ಮತ್ತು ಯಾರದೋ ಹೊಟ್ಟೆ. ಸೊಂಟ ನೋವು, ಕಣ್ಣುರಿ. ಇದನ್ನೇ ದಿನಾ ಬರೆದರೆ ಡೈರಿಗೂ ಬೇಸರವಾದೀತು.

ಇವತ್ತು ಐವತ್ತೆಂಟು ಟೋಕನ್. ನನಗೆ ಹೆಸರು ನೆನಪಿರುವುದಿಲ್ಲ, ನಂಬರ್ ಮಾತ್ರ. ಆದರೆ ಇವತ್ತಿನ ಹತ್ತೊಂಬತ್ತು ಗೊತ್ತಿದ್ದ ಮನುಷ್ಯ, ಮಾಂಬಳ್ಳಿಯ ದೊಡ್ಡಮಾದಪ್ಪ. ಕಬ್ಬು ಬೆಳೆಯುತ್ತಾರೆ. ಕುಂತೂರಿನ ಕಾರ್ಖಾನೆಗೆ ಕಳಿಸಿ ಉಳಿದದ್ದನ್ನು ಆಲೆಮನೆಯಲ್ಲಿ ಬೆಲ್ಲ ಮಾಡಿಸುತ್ತಾರೆ. ಎರಡು ವರ್ಷದ ಹಿಂದೆ ಒಮ್ಮೆ ಸ್ಕ್ಯಾನ್ ಮಾಡಿಸಿಕೊಂಡು ಹೋದವರು, ಅಂದಿನಿಂದ ಕೊಳ್ಳೇಗಾಲಕ್ಕೆ ಬಂದಾಗಲೆಲ್ಲ ನಾಲ್ಕು ಅಚ್ಚು ಬೆಲ್ಲ ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ಯಾಕೆ ಎಂದು ಕೇಳಿದರೆ, "ಅವತ್ತು ಒಳ್ಳೆ ಮಾತು ಯೋಳುದ್ರಲ್ಲ ಸಾ" ಅನ್ನುತ್ತಾರೆ.

ಅವತ್ತು ನಾನು ಹೇಳಿದ್ದು ಇಷ್ಟೇ: ಬಲಗಡೆ ಕಿಡ್ನಿ ಕುಗ್ಗಿದೆ, ಎಡಗಡೆಯದು ಚೆನ್ನಾಗಿದೆ, ಒಂದು ಚೆನ್ನಾಗಿದ್ದರೆ ಸಾಕು, ಹೋಗಿ ಊಟ ಮಾಡಿ. ರಿಪೋರ್ಟಿನಲ್ಲಿ ಏನಿದೆ ಎಂದು ನಾನು ಹೇಳುವ ಹಾಗಿಲ್ಲ. ಆದರೆ ಆ ಬಿಸಿಲಲ್ಲಿ ಅವರ ಮುಖ ನೋಡಲಾರದೆ ಹೇಳಿಬಿಟ್ಟಿದ್ದೆ.

ಇವತ್ತೂ ಬೆಲ್ಲ ತಂದಿದ್ದರು. ಹೆಂಡತಿ ಚನ್ನಾಜಮ್ಮ ಜೊತೆಯಲ್ಲಿದ್ದರು. ಮೂರು ದಿನದಿಂದ ಮೂತ್ರದಲ್ಲಿ ರಕ್ತ ಹೋಗುತ್ತಿದೆಯಂತೆ.

ಎಡಗಡೆಗೆ ಮೇಡಂ ಸಾಮಾನ್ಯವಾಗಿ ಒಂದು ನಿಮಿಷ ತೆಗೆದುಕೊಳ್ಳುತ್ತಾರೆ. ಇವತ್ತು ಪರದೆಯ ಆಚೆಯಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಎಡ ಕಿಡ್ನಿ, ಮೇಲಿನ ತುದಿ, ಗಟ್ಟಿ ಗಡ್ಡೆ. ನಲವತ್ತಾರು, ನಲವತ್ತೊಂದು ಮಿಲಿಮೀಟರ್" ಎಂದರು. ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತು, "ಇವರ ಹಳೇ ರಿಪೋರ್ಟ್ ತೆಗೀರಿ ಶಾಂತಮೂರ್ತಿ ಅವರೇ" ಎಂದರು.

ತೆಗೆದೆ. 2023ರ ಮೇ 18. ಬಲ ಕಿಡ್ನಿ ಚಿಕ್ಕದು, ಪ್ಯಾರೆಂಕೈಮಲ್ ಡಿಸೀಸ್. ಅಂದರೆ ಕಿಡ್ನಿಯ ಮಾಂಸವೇ ಕೆಟ್ಟು ಸ್ಕ್ರೀನಿನಲ್ಲಿ ಬೆಳ್ಳಗೆ ಕಾಣುವುದು. ಎಡ ಕಿಡ್ನಿ ನಾರ್ಮಲ್. ಮೇಡಂ ಅದನ್ನು ಎರಡು ಸಲ ಓದಿದರು. ಚಿತ್ರ ಇದೆಯೇ ಎಂದರು. ಹಳೆಯ ಮಿಷಿನ್ನನ್ನು ಹೋದ ವರ್ಷ ಕೊಟ್ಟು ಹೊಸದು ತಂದದ್ದು, ಅದರಲ್ಲಿದ್ದ ಚಿತ್ರಗಳೂ ಅದರ ಜೊತೆಗೇ ಹೋಗಿದ್ದವು. ದೊಡ್ಡಮಾದಪ್ಪನವರ ಕವರಿನಲ್ಲಿದ್ದ ಚಿತ್ರದ ಕಾಗದ ಶಾಖಕ್ಕೆ ಮಾಸಿ ಬೂದುಬಣ್ಣವಾಗಿತ್ತು.

"ನಾನೇ ನೋಡಿದ್ದಾ ಇದನ್ನ?"

"ನೀವೇ ಮೇಡಂ. ಸಹಿ ಇದೆಯಲ್ಲ."

ಹಾಗೆ ಹೇಳಿದ್ದು ಸ್ವಲ್ಪ ಒರಟಾಯಿತೇನೋ. ಆದರೆ ನಾನು ಅವರು ಹೇಳಿದ್ದನ್ನು ಟೈಪ್ ಮಾಡುವವನು. ನೋಡುವುದು ಅವರ ಕೆಲಸ.

ಫೆಬ್ರವರಿ 14, ಶುಕ್ರವಾರ

ನಲವತ್ತು ಟೋಕನ್ ಮುಗಿಯುವುದಕ್ಕೆ ರಾತ್ರಿ ಎಂಟಾಯಿತು. ಮೊದಲು ಅರವತ್ತು ನೋಡಿ ಆರಕ್ಕೆ ಎದ್ದುಹೋಗುತ್ತಿದ್ದವರು. ಈಗ ಮೇಡಂ ಪ್ರತಿ ಕಿಡ್ನಿಯನ್ನೂ ಮೂರು ಮೂರು ಸಲ ನೋಡುತ್ತಾರೆ. ಮಗ್ಗುಲಾಗಿ, ಉಸಿರು ಹಿಡಿಯಿರಿ, ಬಿಡಿ, ಇನ್ನೊಮ್ಮೆ ಹಿಡಿಯಿರಿ. ಮುದುಕರು ಉಸಿರು ಹಿಡಿದೂ ಹಿಡಿದೂ ಸುಸ್ತು. ಹೊರಗೆ ಜನ ಟೋಕನ್ ಕೂಗುವ ಮೋನಿಕಾಳ ಮೇಲೆ ರೇಗುತ್ತಾರೆ, ಮೋನಿಕಾ ನನ್ನ ಮೇಲೆ ರೇಗುತ್ತಾಳೆ. ರೇಷ್ಮೆ ಮಗ್ಗದ ಮನೆಯ ಹುಡುಗಿ, ಕೈಯೂ ಚುರುಕು ಬಾಯಿಯೂ ಚುರುಕು.

ನಮ್ಮಲ್ಲಿ ಕೆಲಸ ನಡೆಯುವ ರೀತಿಯೇ ಬೇರೆ ಇತ್ತು. ಕಂಪ್ಯೂಟರಿನಲ್ಲಿ ನಾರ್ಮಲ್ ರಿಪೋರ್ಟ್ ಒಂದು ಸಿದ್ಧವಿರುತ್ತದೆ. ಪಿತ್ತಜನಕಾಂಗ ನಾರ್ಮಲ್, ಎರಡೂ ಕಿಡ್ನಿ ನಾರ್ಮಲ್, ಎಲ್ಲ ನಾರ್ಮಲ್. ನಾನು ಹೆಸರು, ವಯಸ್ಸು ಹಾಕಿ ಕೂತಿರುತ್ತೇನೆ. ಮೇಡಂ ಕೆಟ್ಟದ್ದನ್ನು ಮಾತ್ರ ಹೇಳುತ್ತಾರೆ, ಆ ಸಾಲನ್ನು ಬದಲಾಯಿಸುತ್ತೇನೆ. ಅವರು ಸುಮ್ಮನಿದ್ದರೆ ನಾರ್ಮಲ್. ರೋಗಿಯ ಜೊತೆ ಒಳಗೆ ಬರುವ ಟೋಕನ್ ಚೀಟಿಯ ಮೇಲೆ ಅಳತೆ ಗೀಚಿ ನನ್ನ ಕಡೆ ಕೊಡುತ್ತಾರೆ, ಟೈಪ್ ಆದ ಮೇಲೆ ಅದನ್ನು ನಾನು ಚೀಟಿ ಚುಚ್ಚುವ ಕಂಬಿಗೆ ಚುಚ್ಚುತ್ತೇನೆ. ಪ್ರಿಂಟ್ ತೆಗೆದು ಮುಂದಿಟ್ಟರೆ ಓದದೆ ಸಹಿ. ಹದಿನೇಳು ವರ್ಷ ಹೀಗೇ ನಡೆಯಿತು. ಈಗ ಒಂದು ಸಹಿಗೆ ಐದು ನಿಮಿಷ.

ಫೆಬ್ರವರಿ 19, ಬುಧವಾರ

ಹನೂರಿನ ಚಿಕ್ಕಸಿದ್ದಯ್ಯ ಎಂಬ ಹಿರಿಯರು ಇವತ್ತು ಬಂದು ಕೂಗಾಡಿದರು. ಕಳೆದ ವಾರ ಅವರ ಕಿಡ್ನಿಯಲ್ಲಿ ಗಡ್ಡೆಯಂಥದ್ದು ಕಾಣುತ್ತದೆ, ಸಿ.ಟಿ. ಮಾಡಿಸಿ ಎಂದು ಮೇಡಂ ಬರೆಸಿದ್ದರು. ಮೈಸೂರಿಗೆ ಹೋಗಿ ಮಾಡಿಸಿದರೆ ಏನೂ ಇಲ್ಲ. ಕಿಡ್ನಿಯ ಮಾಂಸವೇ ಒಳಕ್ಕೆ ಮಡಚಿಕೊಂಡು ಗಡ್ಡೆಯ ಹಾಗೆ ಕಾಣುವುದುಂಟು. ಮೇಡಂ ಅದನ್ನು ನೋಡಿದ ಕೂಡಲೇ ಹೇಳುತ್ತಿದ್ದರು, ನನಗೇ ಎಷ್ಟೋ ಸಲ ತೋರಿಸಿದ್ದಾರೆ.

"ಎಂಟು ದಿವ್ಸ ಮನೇಲಿ ಒಲೆ ಅಚ್ನಿಲ್ಲ ಕಣವ್ವ" ಎಂದರು ಚಿಕ್ಕಸಿದ್ದಯ್ಯ. "ಮೊಮ್ಮಕ್ಳೆಲ್ಲ ಬಂದು ಕಾಲಿಗ್ ಬಿದ್ದೋದೊ. ನಾನು ಸತ್ತೇ ಓದೆ ಅನ್ಕಂಡಿದ್ದಿ."

ಮೇಡಂ ಕೈಮುಗಿದರು. ಅವರು ಹೋದ ಮೇಲೆ ಹತ್ತು ನಿಮಿಷ ಯಾರನ್ನೂ ಕಳಿಸಬೇಡಿ ಎಂದರು. ಪರದೆಯ ಆಚೆಯಿಂದ ಕೇಳಿದರು: "ನನ್ನ ಕಣ್ಣು ಹೋಯ್ತಾ ಶಾಂತಮೂರ್ತಿ ಅವರೇ? ಇದ್ದದ್ದು ಕಾಣಲಿಲ್ಲ, ಇಲ್ಲದ್ದು ಕಾಣ್ತಿದೆ. ಮಿಷಿನ್ ಯಾರಿಗಾದ್ರೂ ಕೊಟ್ಟು ಮನೇಲಿರೋದು ವಾಸಿ."

ಎರಡು ವರ್ಷದ ಹಿಂದೆ ದೊಡ್ಡಮಾದಪ್ಪನವರ ಆ ಗಡ್ಡೆ ಇತ್ತೋ ಇಲ್ಲವೋ ಯಾರಿಗೆ ಗೊತ್ತು. ಇದ್ದಿದ್ದರೆ ಮೇಡಂಗೆ ಕಾಣದೆ ಇರುತ್ತಿರಲಿಲ್ಲ. ಹೀಗೆ ಅಂದುಕೊಂಡ ಮೇಲೆ ಊಟ ಸೇರಲಿಲ್ಲ.

ಫೆಬ್ರವರಿ 23, ಭಾನುವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯದೆ ಇದ್ದರೂ ಇದು ಇದ್ದಲ್ಲೇ ಇರುತ್ತದೆ.

ಬೆಳಿಗ್ಗೆ ಸೆಂಟರಿಗೆ ರಜೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಅಟ್ಟ ಹತ್ತಿದೆ. ಕಂಬಿಯ ಚೀಟಿಗಳನ್ನು ತಿಂಗಳಿಗೊಂದು ಕಟ್ಟು ಮಾಡಿ ದಾರ ಕಟ್ಟಿ ರಟ್ಟಿನ ಡಬ್ಬಗಳಲ್ಲಿ ಹಾಕಿಡುವವನು ನಾನೇ. ಯಾರೂ ಕೇಳುವುದಿಲ್ಲ, ಆದರೂ ಎಸೆಯಲು ಮನಸ್ಸಾಗಿರಲಿಲ್ಲ. ಅಲ್ಲಿ ಏನೂ ಇರುವುದಿಲ್ಲ ಎಂದು ಒಮ್ಮೆ ನೋಡಿಬಿಟ್ಟರೆ ನೆಮ್ಮದಿ, ಅಷ್ಟಕ್ಕೇ ಹತ್ತಿದ್ದು.

2023, ಮೇ. ಹದಿನೆಂಟನೇ ತಾರೀಖು. ಟೋಕನ್ 31, ದೊಡ್ಡಮಾದಪ್ಪ, ಮಾಂಬಳ್ಳಿ. ಮೇಡಂ ಕೈಬರಹ, ನೀಲಿ ಪೆನ್ನು. ಬಲಗಡೆಯ ಅಳತೆ. ಅದರ ಕೆಳಗೆ: ಎಡ, ಮೇಲಿನ ತುದಿ, 22 x 19, ಸಿ.ಟಿ.

ಕೂತುಬಿಟ್ಟೆ. ಕೂತಾಗ ಎಲ್ಲ ನೆನಪಾಯಿತು. ಅವತ್ತು ಮೂರು ಸಲ ಕರೆಂಟ್ ಹೋಗಿತ್ತು. ಮಿಷಿನ್ನಿಗೆ ಯು.ಪಿ.ಎಸ್. ಇತ್ತು, ನನ್ನ ಕಂಪ್ಯೂಟರಿನ ಬ್ಯಾಟರಿ ಸತ್ತಿತ್ತು. ಮೇಡಂ ಹೇಳಿದ್ದನ್ನೆಲ್ಲ ಟೈಪ್ ಮಾಡಿದ್ದೆ, ಚೀಟಿ ಚುಚ್ಚಿದ್ದೆ, ಸೇವ್ ಮಾಡಿರಲಿಲ್ಲ. ಕರೆಂಟ್ ಬಂದಾಗ ಹನ್ನೆರಡು ರಿಪೋರ್ಟ್ ಹೋಗಿದ್ದವು. ಕಂಬಿಯಿಂದ ಚೀಟಿ ತೆಗೆಯಬೇಕಾದರೆ ಮೇಲಿನದನ್ನೆಲ್ಲ ಬಿಚ್ಚಬೇಕು. ಹೊರಗೆ ಜನ ಬಾಗಿಲು ಬಡಿಯುತ್ತಿದ್ದರು. ನನಗೆ ನೆನಪಿದೆ ಬಿಡು ಎಂದು ನಾರ್ಮಲ್ ರಿಪೋರ್ಟ್ ತೆಗೆದು ತಲೆಯಲ್ಲಿದ್ದದ್ದನ್ನು ತುಂಬಿದೆ. ಬಲಗಡೆಯದು ನೆನಪಿತ್ತು. ಎಡಗಡೆಯದು ನೆನಪಾಗಲಿಲ್ಲ, ಅಲ್ಲಿ ನಾರ್ಮಲ್ ಎಂದು ಮೊದಲೇ ಇತ್ತು. ಆಮೇಲೆ ಹೊರಗೆ ಹೋಗಿ, ಒಂದು ಚೆನ್ನಾಗಿದ್ದರೆ ಸಾಕು, ಹೋಗಿ ಊಟ ಮಾಡಿ ಎಂದೆ.

ಮೇಡಂಗೆ ಕಂಡಿತ್ತು. ಮೇಡಂ ಹೇಳಿದ್ದರು.

ಚೀಟಿಯನ್ನು ಈ ಪುಟದಲ್ಲಿಟ್ಟಿದ್ದೇನೆ.

ಫೆಬ್ರವರಿ 24, ಸೋಮವಾರ

ಮೂವತ್ತೆಂಟು ಟೋಕನ್. ಸೊಂಟ ನೋವು.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಹೆಂಡತಿ ಸೌಮ್ಯ ತಂಬಿಟ್ಟು ಮಾಡಿದ್ದಳು. ದೇವರಿಗೆ ಇಟ್ಟು ನನ್ನ ಕೈಗೆ ಒಂದು ಕೊಟ್ಟಳು. ಕಚ್ಚಿದ ಮೇಲೆ ಕೇಳಿದೆ, ಯಾವ ಬೆಲ್ಲ ಇದು ಎಂದು.

"ಇನ್ಯಾವುದು, ನಿಮ್ಮ ಮಾಂಬಳ್ಳಿಯವರದ್ದೇ. ಅಂಗಡಿ ಬೆಲ್ಲದಲ್ಲಿ ಈ ರುಚಿ ಎಲ್ಲಿ ಬರುತ್ತೆ?" ಎಂದಳು.

ಹಿತ್ತಲಿಗೆ ಹೋಗಿ ಉಗಿದೆ. ಪ್ರಸಾದ ಉಗಿದೆ, ಐವತ್ತೊಂದು ವರ್ಷದಲ್ಲಿ ಮೊದಲ ಸಲ. ಸೌಮ್ಯ ನೋಡಿದಳು. ಮೈ ಹುಷಾರಿಲ್ವೇನ್ರೀ ಎಂದಳು. ಇಲ್ಲ ಎಂದೆ.

ಎರಡು ವರ್ಷದಲ್ಲಿ ಎಷ್ಟು ಅಚ್ಚು ಬೆಲ್ಲ ತಿಂದಿದ್ದೇನೆ. ಕಾಫಿಗೆ, ಒಬ್ಬಟ್ಟಿಗೆ. ಅದನ್ನು ನಾನು ಒಳ್ಳೆಯ ಮಾತಿಗೆ ಬಂದದ್ದು ಎಂದುಕೊಂಡಿದ್ದೆ.

ಮಾರ್ಚ್ 1, ಶನಿವಾರ

ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಕೆಲಸ ಹೋಗುತ್ತದೆ. ದೊಡ್ಡಮಾದಪ್ಪನವರ ಕಡೆಯವರು ಕೋರ್ಟಿಗೆ ಹೋದರೆ ಮೇಡಂ ಹೆಸರೂ ಹೋಗುತ್ತದೆ, ಸಹಿ ಅವರದಲ್ಲವೇ. ಗಡ್ಡೆಯಂತೂ ಬೆಳೆದಾಗಿದೆ, ನಾನು ಬಾಯಿ ಬಿಟ್ಟರೆ ಅದೇನು ಕುಗ್ಗುತ್ತದೆಯೇ. ಯಾರಿಗೂ ಉಪಯೋಗವಿಲ್ಲದ ಸತ್ಯ. ಹೀಗೆ ಮೂರು ದಿನದಿಂದ ಲೆಕ್ಕಾಚಾರ. ಪ್ರತಿ ಸಲವೂ ಸುಮ್ಮನಿರುವುದೇ ಸರಿ ಎಂದು ಬರುತ್ತದೆ, ಆದರೂ ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ.

ಮಾರ್ಚ್ 4, ಮಂಗಳವಾರ

ಚನ್ನಾಜಮ್ಮ ಒಬ್ಬರೇ ಬಂದಿದ್ದರು. ಹಳೆಯ ರಿಪೋರ್ಟಿನ ಇನ್ನೊಂದು ಕಾಪಿ ಬೇಕಂತೆ, ಮೈಸೂರಿನ ದೊಡ್ಡಾಸ್ಪತ್ರೆಯವರು ಕೇಳಿದ್ದಾರೆ. ಕುಡಿಯಲು ನೀರು ಕೊಟ್ಟು ಕೂರಿಸಿದೆ.

"ಏನಂದ್ರು ಮೈಸೂರಲ್ಲಿ?"

"ಕಿಡ್ನಿನೇ ಪೂರಾ ತಗುದ್ಬುಡ್ತೀವಿ ಅಂದವ್ರೆ ಸಾ. ಮುಂದಿನ ಗುರುವಾರಕ್ಕೆ ಆಪ್ರೇಸನ್. ಬಲದ್ದು ಮೊದ್ಲೇ ಕೆಲ್ಸ ಮಾಡ್ತಿಲ್ವಲ್ಲ, ಆಮೇಕೆ ವಾರಕ್ಕೆ ಮೂರ್ ದಿವ್ಸ ಆ ರಕ್ತ ತೊಳ್ಯ ಮಿಷಿನ್ಗೆ ಆಕ್ಬೇಕಂತೆ, ಜೀವ ಇರಗಂಟ."

"ಗಡ್ಡೆ ಮಾತ್ರ ತೆಗೆಯೋಕೆ ಆಗಲ್ವಂತಾ?"

"ನಾನೂ ಅದ್ನೇ ಕೇಳ್ದಿ. ಅದ್ಕೆ ಆ ಡಾಕುಟ್ರು ಈ ರಿಪೋಲ್ಟ್ ತೋರುಸ್ದ್ರು. ನೋಡವ್ವ, ಎರಡ್ ವರ್ಸದಿಂದೆ ಏನೂ ಇರ್ನಿಲ್ಲ, ಈಗ ಇಷ್ಟಪ್ಪ ಆಗದೆ ಅಂದ್ರೆ ಬಿರ್ನೆ ಬೆಳ್ಯಂತ ಜಾತಿ, ಒಸಿನೂ ಬುಡಂಗಿಲ್ಲ ಅಂದ್ರು. ಆಗ್ಲೇ ಸಣ್ಣದಾಗಿ ಇದ್ದು ಮೆಲ್ಲಗೆ ಬೆಳ್ದಿದ್ರೆ ಬ್ಯಾರೆ ಮಾತು ಅಂದ್ರು." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನಮ್ಮೋರು ಅದ್ಕೂ ಬಯ್ನಿಲ್ಲ ಸಾ. ಶಾಂತಮೂರ್ತಿಗೊಳು ಅವತ್ತು ನೋಡ್ದಾಗ ಚೆನ್ನಾಗೇ ಇತ್ತು, ಆಮೇಕೆ ಬಂದದೆ, ಯಾರ್ ಏನ್ ಮಾಡರು ಅಂತರೆ."

ನಾನು ಒಳಗೆ ಹೋದೆ. ಕಂಪ್ಯೂಟರಿನಲ್ಲಿ ಆ ಫೈಲ್ ತೆಗೆದೆ. ಪ್ರಿಂಟ್ ಒತ್ತಿದೆ. ಬಿಸಿಯಾಗಿ ಬಂತು. ಎಡ ಕಿಡ್ನಿ ನಾರ್ಮಲ್. ಕವರಿಗೆ ಹಾಕಿ ಅವರ ಕೈಯಲ್ಲಿಟ್ಟೆ. ದೇವ್ರು ನಿಮ್ಮುನ್ನ ಚೆನ್ನಾಗ್ ಮಡುಗ್ಲಿ ಎಂದು ಹೇಳಿ ಬಸ್ಸಿಗೆ ಹೋದರು.

ಅವತ್ತು ಮಾಡಿದ್ದು ಮರೆವು. ಇವತ್ತು ಮಾಡಿದ್ದಕ್ಕೆ ಆ ಹೆಸರಿಲ್ಲ.

ಮಾರ್ಚ್ 5, ಬುಧವಾರ

ಯಾರಿಗೂ ಉಪಯೋಗವಿಲ್ಲದ ಸತ್ಯ ಎಂದು ಶನಿವಾರ ಬರೆದಿದ್ದೇನೆ. ಓದಿ ನಾಚಿಕೆಯಾಯಿತು.

ಮಾರ್ಚ್ 6, ಗುರುವಾರ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೇಳಿದೆ. ಸಂಜೆಯವರೆಗೆ ಕಾಯೋಣ ಎಂದುಕೊಂಡಿದ್ದೆ. ಆದರೆ ಕಾದರೆ, ಸಂಜೆ ಬಂದಾಗ ನಾಳೆ ಹೇಳೋಣ ಎಂದುಕೊಳ್ಳುವ ಪೈಕಿ ನಾನು.

ಮೇಡಂ ಡಬ್ಬಿ ತೆರೆದಿದ್ದರು. ಚಪಾತಿ, ಏನೋ ಪಲ್ಯ. ನಾನು ಚೀಟಿಯನ್ನು ಡಬ್ಬಿಯ ಪಕ್ಕದಲ್ಲಿಟ್ಟೆ. ಅವರು ನೋಡಿದರು. ಕೈ ಒರೆಸಿಕೊಂಡು ಎತ್ತಿಕೊಂಡರು.

"ಇದು ನನ್ನ ಕೈಬರಹ."

"ಹೌದು ಮೇಡಂ."

"ನನಗೆ ಕಂಡಿತ್ತು."

"ನಿಮಗೆ ಕಂಡಿತ್ತು. ನೀವು ಹೇಳಿದ್ರಿ. ಕರೆಂಟ್ ಹೋಗಿ ಟೈಪ್ ಮಾಡಿದ್ದು ಅಳಿಸಿಹೋಯ್ತು. ನಾನು ಚೀಟಿ ನೋಡದೆ ಎರಡನೇ ಸಲ ಟೈಪ್ ಮಾಡಿದೆ. ಎಡಗಡೆ ಸಾಲು ಬಿಟ್ಟೆ."

ಅವರು ರೋಗಿಗಳ ಮಂಚದ ಮೇಲೆ ಕೂತರು. ಆಮೇಲೆ ಕೇಳಿದರು, ಇದು ಯಾವತ್ತು ಸಿಕ್ಕಿತು ಎಂದು. ಸುಳ್ಳು ಹೇಳಬಹುದಿತ್ತು, ಇವತ್ತು ಬೆಳಿಗ್ಗೆ ಎಂದು. ಹನ್ನೊಂದು ದಿನದ ಹಿಂದೆ ಎಂದೆ. ಮೊನ್ನೆ ಚನ್ನಾಜಮ್ಮನಿಗೆ ತಪ್ಪು ರಿಪೋರ್ಟನ್ನೇ ಮತ್ತೆ ಪ್ರಿಂಟ್ ಮಾಡಿ ಕೊಟ್ಟೆ ಎಂದೂ ಹೇಳಿದೆ.

"ಹನ್ನೊಂದು ದಿನ" ಎಂದರು. "ನಾನು ಅಷ್ಟೂ ದಿನ ಪಕ್ಕದಲ್ಲೇ ಕೂತು ನನ್ನ ಕಣ್ಣು ಹೋಯ್ತು ಅಂತಿದ್ದೆ. ನೀವು ಕೇಳಿಸ್ಕೋತಿದ್ರಿ."

ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ. ಅತ್ತರು, ಆಮೇಲೆ ಮೂಗು ಒರೆಸಿಕೊಂಡು ಚೀಟಿಯನ್ನು ಮತ್ತೆ ಓದಿದರು. ಆಮೇಲೆ ಒಂದು ಮಾತು ಹೇಳಿದರು: "ಬಿಟ್ಟಿದ್ದು ನೀವು. ಓದದೆ ಸಹಿ ಹಾಕಿದ್ದು ನಾನು. ಎರಡರಲ್ಲಿ ಯಾವುದು ದೊಡ್ಡದು ಅಂತ ಆಮೇಲೆ ನೋಡೋಣ. ಗುರುವಾರಕ್ಕೆ ಇನ್ನು ಏಳು ದಿನ ಇದೆ."

ಮೈಸೂರಿನ ಸರ್ಜನ್ನಿಗೆ ಫೋನ್ ಮಾಡಿದರು. ನಾನು ಹೊರಗೆ ಹೋಗಲು ಎದ್ದೆ, ಕೈ ತೋರಿಸಿ ಕೂರಿಸಿದರು. ಎಲ್ಲ ಹೇಳಿದರು, ಯಾರ ಮೇಲೂ ಹಾಕಲಿಲ್ಲ, "ನಮ್ಮ ಸೆಂಟರಿನ ತಪ್ಪು" ಎಂದರು. ಚೀಟಿಯೊಂದೇ ಚಿತ್ರದ ಬದಲಿಗೆ ಆಗುವುದಿಲ್ಲ, ಆದರೆ ಅಳತೆ ನಿಜವಾದರೆ ಯೋಚನೆ ಬದಲಾಗುತ್ತದೆ, ಸಿ.ಟಿ.ಯನ್ನು ಇನ್ನೊಮ್ಮೆ ಕೂತು ನೋಡುತ್ತೇವೆ ಎಂದರಂತೆ ಅವರು.

ಆಮೇಲೆ ತಿದ್ದುಪಡಿ ರಿಪೋರ್ಟ್. ಮೇಡಂ ಹೇಳಿದರು, ನಾನು ಟೈಪ್ ಮಾಡಿದೆ. ಖಾಲಿ ಪುಟದಲ್ಲಿ, ಮೊದಲಿನಿಂದ. ಮುಗಿದ ಮೇಲೆ ಅವರು ಕೇಳದೆಯೇ ಜೋರಾಗಿ ಓದಿ ಹೇಳಿದೆ. ಯಾಕೆ ಓದಿದೆನೋ ಗೊತ್ತಿಲ್ಲ.

ಕೆಲಸ ಬಿಡಬೇಕೇ ಎಂದು ಕೇಳಿದೆ. "ಮೊದಲು ಮಾಂಬಳ್ಳಿಗೆ ಹೋಗಿ ಬನ್ನಿ. ಫೋನಲ್ಲಿ ಹೇಳೋ ವಿಷಯ ಅಲ್ಲ. ನಾನೂ ಬರ್ತೀನಿ" ಎಂದರು. ನಾನೊಬ್ಬನೇ ಹೋಗುತ್ತೇನೆ ಎಂದೆ. ಅವತ್ತು ಹೊರಗೆ ಹೋಗಿ ಒಳ್ಳೆಯ ಮಾತು ಹೇಳಿದವನು ನಾನೊಬ್ಬನೇ.

ಮಾರ್ಚ್ 9, ಭಾನುವಾರ

ಯಳಂದೂರಿನ ಬಸ್ಸು ಹಿಡಿದು ಹೋದೆ. ದಾರಿಯಲ್ಲಿ ಎರಡು ಕಡೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಬಸ್ಸು ನಿಂತಿತು. ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎನಿಸಿತು.

ದೊಡ್ಡಮಾದಪ್ಪ ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದೇ ನಿಂತರು. ಒಳಗೆ ಕೂಗಿದರು, "ಲೇ, ಯಾರ್ ಬಂದವ್ರೆ ನೋಡ್ಲೇ. ನೀರು ಬೆಲ್ಲ ತಕಂಡ್ ಬಾ." ಬಿಸಿಲಿನಿಂದ ಬಂದವರಿಗೆ ಮೊದಲು ನೀರು ಬೆಲ್ಲ, ಆಮೇಲೆ ಮಾತು. ಚನ್ನಾಜಮ್ಮ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದು ಮುಂದಿಟ್ಟರು.

ನಾನು ಮುಟ್ಟಲಿಲ್ಲ. ಮುಟ್ಟಿದರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ಕರೆಂಟಿನಿಂದ ಶುರುಮಾಡಿ ಚೀಟಿಯವರೆಗೆ, ಚೀಟಿಯಿಂದ ಮಂಗಳವಾರದ ಪ್ರಿಂಟಿನವರೆಗೆ ಎಲ್ಲ ಹೇಳಿದೆ. ಕ್ಷಮಿಸಿ ಎಂದೆ. ಆ ಮಾತು ಆ ಜಗುಲಿಯ ಮೇಲೆ ಬಹಳ ಚಿಕ್ಕದಾಗಿತ್ತು.

ದೊಡ್ಡಮಾದಪ್ಪ ಅಂಗಳ ನೋಡುತ್ತಿದ್ದರು.

"ಅಂಗಾರೆ ಅವತ್ತೇ ಇತ್ತು" ಎಂದರು.

"ಇತ್ತು. ಚಿಕ್ಕದು."

"ಒಂದ್ ಚೆನ್ನಾಗದೆ, ಸಾಕು ಅಂದ್ರಿ. ಊಟ ಮಾಡೋಗಿ ಅಂದ್ರಿ." ಅಂಗಳದಿಂದ ಕಣ್ಣು ತೆಗೆಯದೆ, "ನಾನು ಆ ಮಾತ್ನ ಮಡಿಕಂಡು ಎರಡ್ ವರ್ಸ ನಿದ್ದೆ ಮಾಡಿವ್ನಿ ಸಾ. ಮಾದಪ್ಪನ ಬೆಟ್ಟುಕ್ಕೆ ನಡ್ಕಂಡ್ ಓಗಿ ಬಂದೆ. ನಿಮ್ ಎಸ್ರೇಳಿ ಒಂದ್ ಕಾಯಿ ಒಡುಸ್ದಿ."

ಚನ್ನಾಜಮ್ಮ ಕಂಬಕ್ಕೆ ಒರಗಿ ನಿಂತಿದ್ದವರು ಬಗ್ಗಿ ತಟ್ಟೆ, ಚೊಂಬು ಎರಡನ್ನೂ ಎತ್ತಿಕೊಂಡರು.

"ಮಂಗ್ಳಾರ ನಾನ್ ಬಂದಾಗ್ಲೂ ಗೊತ್ತಿತ್ತಾ ನಿಮ್ಗೆ?" ಎಂದು ಕೇಳಿದರು.

"ಗೊತ್ತಿತ್ತು."

ಅವರು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಮೈಸೂರಿನಲ್ಲಿ ಏನು ಹೇಳಬೇಕು, ಯಾವ ಕಾಗದ ತೋರಿಸಬೇಕು ಎಂದು ದೊಡ್ಡಮಾದಪ್ಪನವರಿಗೆ ವಿವರಿಸಿ ತಿದ್ದಿದ ರಿಪೋರ್ಟ್ ಕೊಟ್ಟೆ. ಅವರು ಅದನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದರು. ಓದು ಬಾರದವರು ಎಂದು ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷದಿಂದ ಅವರ ಬಳಿ ಇದ್ದದ್ದು ಕಾಗದವಲ್ಲ, ನನ್ನ ಮಾತು.

ವಾಪಸ್ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಬಾಯಾರಿಕೆ.

ಮಾರ್ಚ್ 13, ಗುರುವಾರ

ಆಪರೇಷನ್ ಮುಂದಕ್ಕೆ ಹೋಗಿದೆ. ಅಷ್ಟೇ ಗೊತ್ತು.

ಮಾರ್ಚ್ 21, ಶುಕ್ರವಾರ

ಮೇಡಂ ಮೈಸೂರಿಗೆ ಫೋನ್ ಮಾಡಿ ತಿಳಿದುಕೊಂಡರು. ಬುಧವಾರ ಆಪರೇಷನ್ ಆಯಿತು. ಮೂರು ಜನ ಡಾಕ್ಟರು ಕೂತು ನೋಡಿ ಗಡ್ಡೆಯನ್ನು ಮಾತ್ರ, ಸುತ್ತ ಒಂದಿಷ್ಟು ಮಾಂಸದ ಜೊತೆ ತೆಗೆದಿದ್ದಾರೆ. ಕಿಡ್ನಿಯ ಮುಕ್ಕಾಲು ಭಾಗ ಉಳಿದಿದೆ. ಕ್ಯಾನ್ಸರೇ, ಆದರೆ ಮೆಲ್ಲಗೆ ಬೆಳೆಯುವ ಜಾತಿಯದು. ಈಗ ಡಯಾಲಿಸಿಸ್ ಬೇಡ. ಮುಂದೆ ಬೇಕಾಗಬಹುದು, ಯಾವಾಗ ಎಂದು ಯಾರೂ ಹೇಳಲಾರರು. ಎರಡು ವರ್ಷದ ಹಿಂದೆ ತೆಗೆದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ನಾನು ಕೇಳಲಿಲ್ಲ, ಮೇಡಂ ಹೇಳಲಿಲ್ಲ.

ಕೆಲಸದ ವಿಷಯ ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ದಿನಾ ಬೆಳಿಗ್ಗೆ ಹೋಗಿ ಬೀಗ ತೆಗೆಯುತ್ತಿದ್ದೇನೆ.

ಏಪ್ರಿಲ್ 30, ಬುಧವಾರ

ಮೇಡಂ ಮತ್ತೆ ಐವತ್ತು ನೋಡುತ್ತಾರೆ, ಮಡಚಿಕೊಂಡ ಮಾಂಸವನ್ನು ನೋಡಿದ ಕೂಡಲೇ ಇದು ಗಡ್ಡೆಯಲ್ಲ ಎನ್ನುತ್ತಾರೆ. ಈಗ ತಡವಾಗುವುದು ನನ್ನಿಂದಂತೆ. ಮೋನಿಕಾ ಇವತ್ತು ಜಗಳಕ್ಕೇ ನಿಂತಳು.

"ನಾರ್ಮಲ್ ಫೈಲ್ ಎಲ್ಲೋಯ್ತು ಸಾರ್? ನಾನು ನಿಮ್ಗೆ ಎಲ್ಪ್ ಮಾಡಣ ಅಂತ ಹುಡುಕಿದ್ರೆ ಇಲ್ವೇ ಇಲ್ಲ."

"ಯಾವಾಗಲೋ ಅಳಿಸಿಹೋಯ್ತು" ಎಂದೆ.

"ಒಂದೊಂದಕ್ಕೂ ಮೇಡಂನ ಏನಂತ ಬರೀಲಿ, ಏನಂತ ಬರೀಲಿ ಅಂತ ಕೇಳ್ತೀರ. ಆಮೇಲೆ ಪೂರ್ತಿ ಓದ್ತೀರ. ಜನ ನನ್ನ ಬಯ್ತಾರೆ."

ವಯಸ್ಸಾಯಿತು, ಕೈ ನಿಧಾನ. ಮನೆಯಲ್ಲೂ ಸೌಮ್ಯ ಸಾಮಾನಿನ ಪಟ್ಟಿ ಹೇಳಿದರೆ ಬರೆದು ಮತ್ತೆ ಓದಿ ಹೇಳುತ್ತೇನೆಂದು ನಗುತ್ತಾಳೆ. ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಬೇಕು.

ಜುಲೈ 14, ಸೋಮವಾರ

ಬೆಳಿಗ್ಗೆ ದೊಡ್ಡಮಾದಪ್ಪ, ಚನ್ನಾಜಮ್ಮ ಬಂದಿದ್ದರು. ಆಪರೇಷನ್ನಿನ ನಂತರದ ಸ್ಕ್ಯಾನ್. ಮೈಸೂರಿನಲ್ಲೇ ಮಾಡಿಸಬಹುದಿತ್ತು. ಯಾಕೆ ಇಲ್ಲಿಗೆ ಬಂದರು ಎಂದು ಕೇಳುವ ಧೈರ್ಯವಿರಲಿಲ್ಲ. ದೊಡ್ಡಮಾದಪ್ಪ ಸೊರಗಿದ್ದಾರೆ, ಅಂಗಿ ಜೋತುಬಿದ್ದಿದೆ. ನನ್ನ ಮೇಜು ದಾಟುವಾಗ ನನ್ನ ಕಡೆ ನೋಡಲಿಲ್ಲ.

ಮೇಡಂ ಎಡಗಡೆಗೆ ಪ್ರೋಬ್ ಇಟ್ಟರು. ಸದ್ದಿಲ್ಲ.

"ಎಡ ಕಿಡ್ನಿ ಏನಂತ ಬರೀಲಿ ಮೇಡಂ?" ಎಂದೆ.

ಹೇಳಿದರು, ಸಾಲು ಸಾಲಾಗಿ. ಬರೆದೆ. ಸಹಿ ಆಯಿತು. ಹೊರಗೆ ಬೆಂಚಿನ ಬಳಿ ಹೋಗಿ ಕವರನ್ನು ಕೊಟ್ಟೆ. ದೊಡ್ಡಮಾದಪ್ಪ ತೆಗೆದುಕೊಳ್ಳಲಿಲ್ಲ.

"ಓದಿ" ಎಂದರು.

ಮೂವತ್ತು ಜನ ಕಾಯುತ್ತಿದ್ದರು. ಬೆಂಚಿನಲ್ಲಿ ಅವರ ಪಕ್ಕ ಕೂತು ಓದಿದೆ. ಬಲ ಕಿಡ್ನಿ ಚಿಕ್ಕದು, ಮಾಂಸ ಕೆಟ್ಟಿದೆ, ಮೊದಲಿಗಿಂತ ಸ್ವಲ್ಪ ಹೆಚ್ಚು. ಎಡ ಕಿಡ್ನಿಯ ಮೇಲಿನ ತುದಿಯಲ್ಲಿ ಆಪರೇಷನ್ನಿನ ಗಾಯದ ಗುರುತು. ಉಳಿದ ಭಾಗಕ್ಕೆ ರಕ್ತ ಚೆನ್ನಾಗಿ ಹೋಗುತ್ತಿದೆ. ಹೊಸ ಗಡ್ಡೆ ಕಾಣುವುದಿಲ್ಲ. ಮೂರು ತಿಂಗಳಿಗೆ ಮತ್ತೆ ನೋಡಬೇಕು. ಚೆನ್ನಾಗಿದೆ ಎಂದು ಹೇಳಲಿಲ್ಲ, ಅದನ್ನು ಮೇಡಂ ಬರೆಸಿರಲಿಲ್ಲ.

"ಎಡದ್ದು ಇನ್ನೊಂದ್ಸತಿ ಓದಿ."

ಓದಿದೆ. ಚನ್ನಾಜಮ್ಮ ತುಟಿಯಲ್ಲೇ ಆ ಸಾಲನ್ನು ಹೇಳಿಕೊಳ್ಳುತ್ತಿದ್ದರು. ಮೋನಿಕಾ ಒಳಗಿನಿಂದ ಎರಡು ಸಲ ಕೂಗಿದಳು.

ದೊಡ್ಡಮಾದಪ್ಪ ಕವರ್ ತೆಗೆದುಕೊಂಡು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ಎದ್ದು ನಿಂತರು.

"ಬೆಲ್ಲ ತಂದಿಲ್ಲ" ಎಂದರು.

"ಬೇಡ" ಎಂದೆ.

"ಇನ್ ಮುಂದ್ಕೂ ತರಾಕಿಲ್ಲ." ಬಾಗಿಲವರೆಗೆ ಹೋಗಿ ತಿರುಗಿ ಮೊದಲ ಸಲ ನನ್ನ ಮುಖ ನೋಡಿದರು. "ಮೂರ್ ತಿಂಗ್ಳಿಗೆ ಬತ್ತೀನಿ. ನೀವೇ ಓದ್ಬೇಕು. ಬ್ಯಾರೆಯವ್ರು ಓದುದ್ರೆ ನಾನ್ ಕೇಳಾಕಿಲ್ಲ."

ಹೂಂ ಎಂದೆ. ಮೆಟ್ಟಿಲಲ್ಲಿ ಚನ್ನಾಜಮ್ಮ ಗಂಡನ ತೋಳು ಹಿಡಿದುಕೊಂಡು ಇಳಿಸಿದರು.

ಮನೆಗೆ ಬಂದು ಈ ಡೈರಿಯಲ್ಲಿ ಅಕ್ಟೋಬರ್ 13ರ ಪುಟ ತೆಗೆದೆ. ದೊಡ್ಡಮಾದಪ್ಪ, ಮಾಂಬಳ್ಳಿ ಎಂದು ಬರೆದೆ. ಬರೆದದ್ದನ್ನು ಒಮ್ಮೆ ಓದಿದೆ.